ಕುಬೇರನ ಕಡೆ ತಿರುಗಿದ ಸೋಲಾರ್

ಕರೆಂಟು ಬಿಲ್ಲು ಬಂದ ದಿನ ಯಾವ ಮನೆಯಲ್ಲಿ ಜಗಳ ಆಗುವುದಿಲ್ಲ ಹೇಳಿ! ಫ್ಯಾನು ಹಾಕಿಟ್ಟು ಎದ್ದು ಹೋದವರು ಯಾರು, ಹಗಲು ಹೊತ್ತಲ್ಲೂ ಬಚ್ಚಲ ಬಲ್ಬು ಉರಿಸಿದವರು ಯಾರು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಂದಳಿಕೆಯ ಮಹೇಶ್ವರಪ್ಪನವರ ಮನೆಯಲ್ಲಿ ಮಾತ್ರ ಆ ದಿನ ಜಗಳ ಆಗಲಿಲ್ಲ. ಸೊಸೆ ವೇದಾ ಬಿಲ್ಲನ್ನು ಓದಿದಳು, ಮತ್ತೊಮ್ಮೆ ಓದಿದಳು, ಮಡಚಿ ಶಾವಿಗೆ ಮಿಷನ್ನಿನ ಮೇಲಿಟ್ಟು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕುಳಿತಳು. ದಿನವಿಡೀ ಮಾತಾಡುವ ಸೊಸೆ ತುಟಿ ಬಿಗಿದುಕೊಂಡರೆ ಮನೆಯ ದೊಡ್ಡವರಿಗೆ ಜೀವ ಹಿಡಿಯಷ್ಟಾಗುತ್ತದೆ.

ಆ ಮಿಷನ್ನು ವೇದಾಳ ಪಂಚಪ್ರಾಣ. ಸ್ತ್ರೀಶಕ್ತಿ ಸಂಘದ ನೆರವಿನಿಂದ ಅವಳು ತಂದುಕೊಂಡದ್ದು. ಚಳಿ ಮುಗಿದು ಬಿಸಿಲು ಏರುವ ಹೊತ್ತಿಗೆ ಬಳ್ಳಿಗಾವಿ, ಉಡುಗಣಿ, ಶಿರಾಳಕೊಪ್ಪದ ಕಡೆಯಿಂದೆಲ್ಲ ಹೆಂಗಸರು ಗೋಧಿ ರವೆ ಹೊತ್ತು ತರುತ್ತಿದ್ದರು. ವೇದಾ ಶಾವಿಗೆ ಬಿಡುತ್ತಿದ್ದಳು, ಅತ್ತೆ ನಿರ್ಮಲಮ್ಮ ಅದನ್ನು ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುತ್ತಿದ್ದರು. ಜಗಲಿಯ ಮೇಲೆ ಹಗಲೆಲ್ಲ ಮಿಷನ್ನಿನ ಗುರುಗುರು, ಹೆಂಗಸರ ಮಾತು, ನಗೆ. ಮನೆಯ ದೀಪ, ಫ್ಯಾನುಗಳ ಮೀಟರಿಗೆ ಸರ್ಕಾರದ ಉಚಿತ ಕರೆಂಟು ಇತ್ತು. ಮಿಷನ್ನಿನ ಮೀಟರು ಬೇರೆ, ಅದಕ್ಕೆ ಯಾವ ಉಚಿತವೂ ಇಲ್ಲ. ಅದರ ಬಿಲ್ಲು ಬಂತೆಂದರೆ ಅವಳು ಬೆವರು ಸುರಿಸಿ ಗಳಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತಿತ್ತು. ಇದು ತಪ್ಪಲಿ ಎಂದೇ ಅವಳೂ ಗಂಡ ವಿಕ್ರಮನೂ ಕೂಡಿಟ್ಟ ಹಣ ಹಾಕಿ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಇಡಿಸಿದ್ದರು. ಒಂದು ತಿಂಗಳಾಗಿತ್ತು. ಬಿಲ್ಲು ಮಾತ್ರ ಇದ್ದಲ್ಲೇ ಇತ್ತು.

"ಅತ್ತೆ, ಆನವಟ್ಟಿಯೋರು ಮಿಷನ್ ಕೊಡ್ತೀರಾ ಅಂತ ಕೇಳಿದ್ರಲ್ಲ, ಸೋಮವಾರ ಬಂದು ತಗೊಂಡು ಹೋಗಿ ಅಂತ ಫೋನ್ ಮಾಡ್ದೆ" ಎಂದಳು ವೇದಾ ಮೊರದಿಂದ ಕಣ್ಣೆತ್ತದೆ.

"ಅಯ್ಯೋ, ಅದೇನು ಅವಸರ ಮಗಾ? ಸೋಲಾರ್ ಹಾಕಿ ಇನ್ನೂ ಒಂದು ತಿಂಗಳಾಗೈತಿ ಅಷ್ಟೆ."

"ನೋಡಿದ್ದು ಸಾಕು ಅತ್ತೆ. ಬಿಲ್ಲು ಕೂದಲೆಳೆಯಷ್ಟೂ ಇಳಿದಿಲ್ಲ. ಬಿಲ್ಲು ಕಟ್ಟೋದಕ್ಕೇ ನಾನ್ಯಾಕೆ ಹಗಲೆಲ್ಲ ಸೊಂಟ ಮುರ್ಕೊಳ್ಲಿ?"

ಜಗಲಿಯಲ್ಲಿ ಕುಳಿತಿದ್ದ ಮಹೇಶ್ವರಪ್ಪನವರಿಗೆ ಈ ಮಾತು ಕೇಳಿಸಿತು. ಅವರು ಗಂಟಲು ಸರಿಮಾಡಿಕೊಂಡು, "ನಾ ಮೊದ್ಲೇ ಹೇಳಿದ್ದೆ. ಈ ಸೋಲಾರ್ ಗೀಲಾರ್ ಎಲ್ಲ ಬರೀ ಬೊಗಳೆ. ಗಾಜಿನ ಹಲಗೆ ಕರೆಂಟು ಕೊಡ್ತದಂತೆ!" ಎಂದು ಬೀದಿಗೆ ಕೇಳುವಂತೆ ಘೋಷಿಸಿದರು. ಆದರೆ ಸೊಸೆ ಬೆಳಿಗ್ಗೆ ಮಿಷನ್ನಿನ ಗುಂಡಿ ಒತ್ತುವಾಗಿನ ಹುರುಪನ್ನು ಅವರು ದಿನವೂ ನೋಡಿದವರು. ಆ ಹುಡುಗಿ ಸಪ್ಪೆ ಮೋರೆ ಹಾಕಿಕೊಂಡು ಕೂರುವುದು ಅವರಿಂದ ನೋಡಲಾಗುತ್ತಿರಲಿಲ್ಲ.

ಸೋಲಾರ್ ಬೊಗಳೆಯಾದದ್ದು ಯಾರಿಂದ ಎಂಬುದು ತಿಳಿಯಬೇಕಾದರೆ ಮಹೇಶ್ವರಪ್ಪನವರ ದಿಕ್ಕಿನ ಹುಚ್ಚಿನ ವಿಚಾರ ಹೇಳಲೇಬೇಕು.

ಸುತ್ತ ಹತ್ತೂರಲ್ಲಿ ಮನೆಗೆ ಆಯ ನೋಡುವುದೆಂದರೆ ಮಹೇಶ್ವರಪ್ಪನವರೇ. ಬಾಗಿಲು ಎಲ್ಲಿ, ಒಲೆ ಎಲ್ಲಿ, ಬಚ್ಚಲು ಎಲ್ಲಿ, ದನ ಕಟ್ಟುವುದೆಲ್ಲಿ, ಎಲ್ಲದಕ್ಕೂ ಅವರ ಮಾತೇ ಕೊನೆ. ದುಡ್ಡು ಮುಟ್ಟುತ್ತಿರಲಿಲ್ಲ, ಎಲೆ ಅಡಿಕೆ ಮಾತ್ರ ತೆಗೆದುಕೊಳ್ಳುತ್ತಿದ್ದರು. ಎಡ, ಬಲ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಹಳೆಯ ದೇವಸ್ಥಾನ ನೋಡಲು ಕಾರಿನಲ್ಲಿ ಬಂದವರು ದಾರಿ ಕೇಳಿದರೆ, "ಇಲ್ಲಿಂದ ಈಶಾನ್ಯಕ್ಕೆ ಹೋಗ್ರಿ, ಆಲದ ಮರ ಸಿಕ್ಕ ಕೂಡ್ಲೆ ವಾಯವ್ಯಕ್ಕೆ ಹೊರಳ್ರಿ" ಎನ್ನುತ್ತಿದ್ದರು. ಪಾಪ, ಆ ಕಾರುಗಳು ಸಂಜೆಯ ತನಕ ಜೋಳದ ಹೊಲಗಳ ನಡುವೆ ತಿರುಗುತ್ತಿದ್ದವು.

ದಕ್ಷಿಣ ದಿಕ್ಕನ್ನು ಕಂಡರಂತೂ ಅವರಿಗೆ ಆಗದು. ಅದು ಯಮನ ದಿಕ್ಕು. ಆ ಕಡೆ ಮುಖ ಮಾಡಿ ಉಣ್ಣರು, ಆ ಕಡೆ ನೋಡಿ ಹಲ್ಲುಜ್ಜರು. ಶಿಕಾರಿಪುರಕ್ಕೆ ಹೋಗುವ ಬಸ್ಸು ದಾರಿಯಲ್ಲಿ ದಕ್ಷಿಣಕ್ಕೆ ಹೊರಳಿದರೆ ಸೀಟಿನಲ್ಲೇ ಓರೆಯಾಗಿ ಕೂರುವರು, ಪಕ್ಕದವರ ತೊಡೆಗೆ ಅವರ ಮೊಣಕಾಲು ತಾಗಿ ದಾರಿಯುದ್ದಕ್ಕೂ ರಗಳೆ. ವೇದಾಳನ್ನು ನೋಡಲು ಸೊರಬ ತಾಲೂಕಿನ ಉಳವಿಗೆ ಹೋದಾಗ ಹೆಣ್ಣಿಗಿಂತ ಮೊದಲು ಅವರು ನೋಡಿದ್ದು ಬಾಗಿಲನ್ನು. ಬೀಗರಾಗಲಿರುವ ಬೆನಕಪ್ಪನವರ ಹೆಬ್ಬಾಗಿಲು ದಕ್ಷಿಣಕ್ಕಿತ್ತು! "ಇದನ್ನ ಮುಚ್ಚಿಸಿದ್ರೆ ಮಾತ್ರ ಮುಂದಿನ ಮಾತು" ಎಂದರು. ಮಗಳ ಮದುವೆ ನಿಲ್ಲಬಾರದಲ್ಲ, ಬೆನಕಪ್ಪ ಇಟ್ಟಿಗೆ ತರಿಸಿ ಮುಚ್ಚಿಸಿದರು. ಅಂದಿನಿಂದ ಆ ಮನೆಯವರೂ ಅವರ ನೆಂಟರೂ ಕೊಟ್ಟಿಗೆಯ ಬಾಗಿಲಿಂದ ಎಮ್ಮೆ ದಾಟಿಕೊಂಡು ಒಳಗೆ ಹೋಗುತ್ತಾರೆ.

ಇಂಥ ಮಹೇಶ್ವರಪ್ಪನವರ ತಾರಸಿಗೆ ಸೋಲಾರ್ ಹಾಕಿಸುವ ಮಾತು ಬಂತು. ಕೈ ಕಟ್ಟಿ ಸುಮ್ಮನೆ ಕೂರುವ ಜಾಯಮಾನ ಅವರದ್ದಲ್ಲ. ಮೊಬೈಲಿನಲ್ಲಿ ಯಾರೋ ಗಾಜಿನ ನಡುವೆ ಸೋಲಾರ್ ಬಿಲ್ಲೆಯ ಚೂರು ಅಂಟಿಸಿ ಮನೆಯಲ್ಲೇ ಪ್ಯಾನೆಲ್ ಮಾಡುವುದನ್ನು ನೋಡಿ, "ನಾನೂ ಮಾಡ್ತೀನಿ" ಎಂದು ಹಳೆಯ ಕಿಟಕಿಯ ಗಾಜು ಬಿಚ್ಚಿದ್ದರು. ಶಿರಾಳಕೊಪ್ಪದ ಮಾಲತೇಶ್ ಬಂದು ತಡೆಯದಿದ್ದರೆ ಮನೆಗೆ ಕಿಟಕಿಯೂ ಇರುತ್ತಿರಲಿಲ್ಲ. ಮಾಲತೇಶ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್, ವಿಕ್ರಮನ ಗೆಳೆಯ.

"ದೊಡ್ಡಪ್ಪ, ಅಂಟಿಸಿದ ಗಾಜು ಒಂದು ಮಳೆಗಾಲ ತಡೆಯಲ್ಲ. ನೀರು ಇಳಿದ್ರೆ ಶಾಕ್ ಹೊಡೀತದೆ, ಬೆಂಕಿ ಹತ್ತಿದ್ರೂ ಹತ್ತಿತು. ಪ್ಯಾನೆಲ್ಲು, ಇನ್ವರ್ಟರು ಗ್ಯಾರಂಟಿ ಇರೋದನ್ನೇ ಕೊಳ್ಳೋಣ. ನಿಮ್ಮ ಕೈಗೆ ಕೆಲಸ ಬೇಕು ತಾನೆ? ಸ್ಟ್ಯಾಂಡು ನೀವೇ ಮಾಡಿ, ಖರ್ಚೂ ಉಳೀತದೆ. ವೈರಿಂಗು, ಅರ್ಥಿಂಗು, ಮೆಸ್ಕಾಂ ಪರ್ಮಿಶನ್ನು ನನಗೆ ಬಿಡಿ" ಎಂದ.

ಮಹೇಶ್ವರಪ್ಪನವರು ಸ್ಟ್ಯಾಂಡು ಮಾಡಿದರು. ಮಾಡಿದ್ದು ಅಂದರೆ ಅಂತಿಂಥದ್ದಲ್ಲ, ಆನೆ ಹತ್ತಿ ಕುಣಿದರೂ ಅಲುಗಾಡದಂಥದ್ದು. ದಪ್ಪ ಕಬ್ಬಿಣದ ಆಂಗಲ್ ತಂದು, ಬೆಸುಗೆ ಹಾಕಿಸಿ, ತುಕ್ಕು ಹಿಡಿಯದ ಹಾಗೆ ಬಣ್ಣ ಬಳಿದು, ಕಾಂಕ್ರೀಟಿನ ದಿಂಡಿಗೆ ಬೋಲ್ಟು ಬಿಗಿದರು. ಮಳೆ ನೀರು ಸರಕ್ಕನೆ ಜಾರಲಿ ಎಂದು ಹಂಚಿನ ಮಾಡಿನಷ್ಟು ಇಳಿಜಾರು ಕೊಟ್ಟರು. ಎಲ್ಲವೂ ಸರಿ, ಮುಖ ಮಾತ್ರ ಉತ್ತರಕ್ಕೆ.

ಮಾಲತೇಶ್ ತಾರಸಿ ಹತ್ತಿ ನೋಡಿದವನೇ ತಲೆ ಮೇಲೆ ಕೈ ಹೊತ್ತ. "ದೊಡ್ಡಪ್ಪ, ನಮ್ಮ ದೇಶದಲ್ಲಿ ಪ್ಯಾನೆಲ್ ದಕ್ಷಿಣಕ್ಕೆ ನೋಡ್ಬೇಕು!"

"ದಕ್ಷಿಣಕ್ಕಾ? ಯಮನಿಗೆ ಮುಖ ಕೊಟ್ಟು ನಿಲ್ಲಿಸ್ಲಾ? ಅಲ್ಲೋ ಮಾಲತೇಶ, ಈ ಯಂತ್ರ ಹಾಕೋದು ಯಾಕೆ?"

"ದುಡ್ಡು ಉಳಿಸೋಕೆ."

"ದುಡ್ಡಿನ ದೇವ್ರು ಯಾರು?"

"...ಕುಬೇರ."

"ಕುಬೇರ ಯಾವ ದಿಕ್ಕು?"

"ಉತ್ತರ. ಆದ್ರೆ ದೊಡ್ಡಪ್ಪ..."

"ಮತ್ತೇನು ಆದ್ರೆ? ಅದೂ ಅಲ್ದೆ ಸಂಕ್ರಾಂತಿ ಹತ್ತಿರ ಬಂತು. ಉತ್ತರಾಯಣ ಶುರುವಾದ್ರೆ ಸೂರ್ಯನೂ ಉತ್ತರಕ್ಕೇ ಹೊರಡ್ತಾನೆ. ಇಬ್ಬಿಬ್ರು ದೇವ್ರು ಒಂದೇ ಕಡೆ ಇರುವಾಗ ನಿಂದೇನೋ ತಕರಾರು?"

ಮಾಲತೇಶ್ ಬೆವರು ಒರೆಸಿಕೊಳ್ಳುತ್ತ ಬಹಳ ಹೊತ್ತು ವಾದಿಸಿದ. ವಿಕ್ರಮನೂ ಅಂಗಲಾಚಿದ. ಕೊನೆಗೆ ಮಾಲತೇಶ್, "ಬಿಲ್ಲು ಬಂದಾಗ ನನ್ನ ಬೈಬಾರ್ದು" ಎಂದು ಹೇಳಿ ಪ್ಯಾನೆಲ್ ಕೂರಿಸಿ, ವೈರು ಎಳೆದು ಹೋದ. ಈ ಸುದ್ದಿ ಊರಲ್ಲೆಲ್ಲ ಹಬ್ಬಿ, ಸೋಲಾರ್ ಹಾಕಿಸಬೇಕೆಂದಿದ್ದ ಗೋಪಾಲಪ್ಪ, ಕೆಂಪಪ್ಪ ಎಂಬ ಇನ್ನಿಬ್ಬರು, "ಅಣ್ಣಾರು ಹೇಳ್ಯಾರೆ, ನಮ್ಮದೂ ಕುಬೇರನ ಕಡೆಗೇ" ಎಂದು ತೀರ್ಮಾನ ಮಾಡಿಬಿಟ್ಟರು.

ಸಂಕ್ರಾಂತಿ ಕಳೆಯಿತು. ಬಿಲ್ಲು ಬಂತು. ಮಾವನಿಗೆ ಎದುರಾಡಲಾರದೆ ಸೊಸೆಯ ಮಾತು ನಿಂತಿತು.

ಶನಿವಾರ ಬೆನಕಪ್ಪ ಉಳವಿಯಿಂದ ಬಂದರು. ಮಗಳು ಫೋನಿನಲ್ಲಿ ಹೇಳದಿದ್ದರೂ ದನಿಯಲ್ಲೇ ಅವರಿಗೆ ಏನೋ ತಿಳಿದಿತ್ತು. ಒಂದು ಚೀಲ ತರಕಾರಿ, ಒಂದು ಡಬ್ಬ ಜೋನಿ ಬೆಲ್ಲ ಇಳಿಸಿ, ಚಹಾ ಕುಡಿದು, ನೆಟ್ಟಗೆ ತಾರಸಿ ಹತ್ತಿದರು. ಬೀಗರು ತಾರಸಿ ಹತ್ತಿದ ಮೇಲೆ ಮಹೇಶ್ವರಪ್ಪನವರು ಕೆಳಗೆ ಕೂರುವುದುಂಟೇ? ಅವರೂ ಹತ್ತಿದರು.

ಬೆನಕಪ್ಪ ಸ್ಟ್ಯಾಂಡನ್ನು ಅಲುಗಾಡಿಸಿ ನೋಡಿದರು. "ಕೆಲ್ಸ ಭಾಳ ಗಟ್ಟಿ ಮಾಡಿದೀರಿ ಬೀಗ್ರೆ. ನಮ್ಮನೆ ಸೋಲಾರಿಂದು ಇಷ್ಟು ಚಂದ ಇಲ್ಲ. ಆದ್ರೆ ನಂದು ಕರೆಂಟು ಕೊಡ್ತದೆ ಮಾರಾಯ್ರೆ."

"ನಿಮ್ದು ಯಾವ ದಿಕ್ಕಿಗೈತಿ?"

"ದಕ್ಷಿಣಕ್ಕೆ."

"ಛೆ ಛೆ ಛೆ! ಬಾಗ್ಲು ಮುಚ್ಚಿಸಿ ಅಂತ ಅಷ್ಟು ಹೇಳಿದ್ದೆ..."

"ಬಾಗ್ಲು ನಿಮ್ಮ ಮಾತು ಕೇಳಿ ಮುಚ್ಚಿದೆ ಬೀಗ್ರೆ, ಈಗ ನಮ್ಮನೆಗೆ ಬಂದ ನೆಂಟ್ರಿಗೆ ಮೊದ್ಲು ಎಮ್ಮೆ ದರ್ಶನ. ಪ್ಯಾನೆಲ್ ಮಾತ್ರ ಸೂರ್ಯನ ಮಾತು ಕೇಳಿ ಇಟ್ಟಿದೀನಿ. ಮೂರು ವರ್ಷಾತು, ಮಿಕ್ಸಿ, ಫ್ರಿಜ್ಜು, ಪಂಪು ಎಲ್ಲ ಹಗಲಲ್ಲೇ ಅದ್ರಲ್ಲೇ ನಡೀತದೆ. ಉಳಿದ ಕರೆಂಟು ಲೈನಿಗೆ ಹೋಗ್ತದೆ, ಅದನ್ನ ಬಿಲ್ಲಲ್ಲಿ ಕಳೀತಾರೆ."

"ಈಗ ಉತ್ತರಾಯಣ ಬೀಗ್ರೆ. ಸೂರ್ಯ ಉತ್ತರಕ್ಕೆ ಬಂದಾನೆ."

ಬೆನಕಪ್ಪ ನಕ್ಕರು. "ಹೊರಟಾನೆ, ಇನ್ನೂ ಮುಟ್ಟಿಲ್ಲ. ನಾನು ಬೆಳಿಗ್ಗೆ ಉಳವಿಲಿ ಬಸ್ಸು ಹತ್ತಿದ ಕೂಡ್ಲೆ ನೀವು ಇಲ್ಲಿ ಚಹಾ ಸೋಸಿದ್ರಾ? ದಾರಿ ಸವೀಬೇಕಲ್ಲ. ಸೂರ್ಯನೂ ಹಂಗೇ. ಯುಗಾದಿ ಕಳೆದ್ರೂ ಮಧ್ಯಾಹ್ನದ ಹೊತ್ತು ಅವನು ನಮಗೆ ದಕ್ಷಿಣದಲ್ಲೇ ಇರ್ತಾನೆ. ಬೇಸಿಗೆ ಕಡೇಲಿ ನೆತ್ತಿ ದಾಟಿ ಮೂರ್ನಾಲ್ಕು ತಿಂಗ್ಳು ಉತ್ತರಕ್ಕೆ ಹೋಗ್ತಾನೆ, ಅಷ್ಟ್ರಲ್ಲಿ ಮಳೆ ಮೋಡ ಬಂದಿರ್ತದೆ. ಮತ್ತೆ ದಕ್ಷಿಣ. ಅದಕ್ಕೇ ಪ್ಯಾನೆಲ್ಲು ದಕ್ಷಿಣಕ್ಕೆ, ಅದೂ ಇಷ್ಟು ಇಳಿಜಾರು ಬೇಡ, ಸ್ವಲ್ಪ ತಲೆ ಎತ್ತಿದ್ರೆ ಸಾಕು. ಇನ್ನೊಂದು, ನೋಡಿ, ನಿಮ್ಮ ನೀರಿನ ಟ್ಯಾಂಕು. ಸಂಜೆ ಕಡೆಗೆ ಅದ್ರ ನೆರಳು ಈ ಮೂಲೆಗೆ ಬೀಳ್ತದೆ ಅಲ್ಲನ?"

"ಟ್ಯಾಂಕು ನೈಋತ್ಯಕ್ಕೇ ಇರ್ಬೇಕು!"

"ಇರ್ಲಿ, ಟ್ಯಾಂಕನ್ನ ಯಾರು ಬೇಡ ಅಂದ್ರು? ಪ್ಯಾನೆಲ್ನ ಈಚೆ ಸರಿಸಿ. ಒಂದು ಮೂಲೇಲಿ ನೆರಳು ಬಿದ್ರೂ ಇಡೀ ಸಾಲು ಸೊರಗ್ತದೆ."

ಮಾತೆಲ್ಲ ಸರಿಯಾಗೇ ಇತ್ತು. ಆದರೆ ಹೇಳಿದವರು ಯಾರು? ಬೀಗರು! ಸೊಸೆಯ ತವರಿನವರಿಂದ ದಿಕ್ಕಿನ ಪಾಠ ಹೇಳಿಸಿಕೊಂಡರೆ ಮಹೇಶ್ವರಪ್ಪನವರ ಮರ್ಯಾದೆ ಏನಾಗಬೇಕು? ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ನಂಗೆ ದಿಕ್ಕು ತಿಳಿಯೋ ಹೊತ್ತಿಗೆ ನೀವಿನ್ನೂ ಗೋಲಿ ಆಡ್ತಿದ್ರಿ" ಎಂದು ಹೇಳಿ ಕೆಳಗಿಳಿದರು. ಬೆನಕಪ್ಪ ಅವರಿಗಿಂತ ಎರಡು ವರ್ಷಕ್ಕೆ ದೊಡ್ಡವರು ಎನ್ನುವುದನ್ನು ಆ ಸಿಟ್ಟಿನಲ್ಲಿ ಮರೆತಿದ್ದರು. ಬೆನಕಪ್ಪ ನೆನಪಿಸಲಿಲ್ಲ. ಮಗಳ ಮನೆಯಲ್ಲಿ ಅದೆಲ್ಲ ಯಾಕೆ ಅಂತ ಅವರ ಹಿಂದೆ ಮೆಟ್ಟಿಲಿಳಿದರು.

ಅಂದು ಊಟಕ್ಕೆ ಕುಳಿತಾಗ ವೇದಾ ಮಾವನ ತಟ್ಟೆಗೆ ಶಾವಿಗೆ ಬಡಿಸುತ್ತ, "ಈ ಸಲದ್ದು ಇದೇ ಕಡೇದು ಮಾವ, ಇನ್ನೊಂಚೂರು ಹಾಕ್ಕೊಳ್ಳಿ" ಎಂದಳು. ಸಿಟ್ಟಿನಿಂದ ಅಂದದ್ದಲ್ಲ, ಪ್ರೀತಿಯಿಂದಲೇ ಅಂದಳು. ಮಹೇಶ್ವರಪ್ಪನವರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ನಿರ್ಮಲಮ್ಮ ಗಂಡನ ಮುಖವನ್ನೇ ನೋಡಿದರು. ಹಾಗೆ ನೋಡುವ ಹೆಂಡತಿಯ ಎದುರು ಊಟ ಮುಗಿಸುವುದು ಎಷ್ಟು ಕಷ್ಟ ಎಂದು ಮದುವೆಯಾದವರಿಗೆ ನಾನು ಹೇಳಬೇಕಾಗಿಲ್ಲ.

ಮರುದಿನ ಭಾನುವಾರ ಗೋಪಾಲಪ್ಪನ ಹೊಸ ಮನೆಗೆ ದಿಕ್ಕು ಗೊತ್ತು ಮಾಡುವ ಕೆಲಸ ಇತ್ತು. ಗೋಪಾಲಪ್ಪನ ಸೈಟು ಮಹೇಶ್ವರಪ್ಪನವರ ಮನೆಯಿಂದ ಒಂದು ಕೂಗಳತೆ ದೂರ. ಬೆನಕಪ್ಪನೂ ಹೊತ್ತು ಹೋಗಲೆಂದು ಜೊತೆಗೆ ಹೋದರು. ಮೊಬೈಲಿನಲ್ಲಿ ದಿಕ್ಸೂಚಿ ಇದೆ ಎಂದರೆ ಮಹೇಶ್ವರಪ್ಪನವರು ನಂಬುವವರಲ್ಲ. ಅವರದ್ದು ಹಿರಿಯರ ಕಾಲದ ಕ್ರಮ. ನೆಲ ಸಮ ಮಾಡಿ, ನಡುವೆ ಒಂದು ಗೂಟವನ್ನು ನೆಟ್ಟಗೆ ನೆಟ್ಟು, ಸುತ್ತ ಹಗ್ಗದಿಂದ ವೃತ್ತ ಎಳೆಯುವುದು. ಬೆಳಿಗ್ಗೆ ಗೂಟದ ನೆರಳಿನ ತುದಿ ವೃತ್ತ ಮುಟ್ಟಿದ ಕಡೆ ಒಂದು ಗುರುತು, ಸಂಜೆ ಮುಟ್ಟಿದ ಕಡೆ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮದ ಗೆರೆ. ದಿನವಿಡೀ ಹಿಡಿಯುವ ಕೆಲಸ, ಆದರೆ ಗುಲಗಂಜಿಯಷ್ಟೂ ತಪ್ಪುವುದಿಲ್ಲ.

ಬೆಳಗಿನ ಗುರುತು ಆಯಿತು. ಮಹೇಶ್ವರಪ್ಪನವರು ಕೊಡೆ ಬಿಚ್ಚಿಕೊಂಡು ಕಲ್ಲಿನ ಮೇಲೆ ಕುಳಿತರು. ಗಾರೆಯವರು, ಗೋಪಾಲಪ್ಪನ ಮನೆಯವರು, ದಾರಿಯಲ್ಲಿ ಹೋಗುತ್ತಿದ್ದವರು, ಸುಮಾರು ಜನ ಸೇರಿದ್ದರು. ಜನ ಸೇರಿದರೆ ಅವರಿಗೆ ಮಾತು ಉಕ್ಕುತ್ತದೆ. ನಡು ಮಧ್ಯಾಹ್ನವಾಯಿತು. ಗೂಟದ ನೆರಳು ಗಿಡ್ಡವಾಗಿ ಬುಡದ ಹತ್ತಿರ ಬಂತು.

"ನೋಡ್ರಪಾ ಇಲ್ಲಿ" ಎಂದರು ಮಹೇಶ್ವರಪ್ಪನವರು ಕೋಲು ತೋರಿಸಿ. "ಈಗ ಹೊತ್ತು ನಡು ನೆತ್ತಿಗೆ ಬಂತು. ನೆರಳು ಎತ್ತ ಬಿದ್ದೈತಿ? ಸರಿಯಾಗಿ ಉತ್ತರಕ್ಕೆ. ಸಂಜೆ ಎಳೆಯೋ ಗೆರೆಗೆ ಇದೇ ಸಾಕ್ಷಿ. ಇದಕ್ಕೆ ಮೊಬೈಲ್ ಬೇಕಿಲ್ಲ, ಬ್ಯಾಟರಿ ಬೇಕಿಲ್ಲ."

ಗೋಪಾಲಪ್ಪ ಮುಗ್ಧವಾಗಿ ಕೇಳಿದ, "ಅಣ್ಣಾರೆ, ನೆರಳು ಉತ್ತರಕ್ಕೆ ಯಾಕೆ ಬೀಳ್ತದೆ?"

"ಅಷ್ಟೂ ತಿಳಿಯಲ್ಲೇನೋ? ನೀನು ದೀಪದ ಮುಂದೆ ನಿಂತ್ರೆ ನೆರಳು ಯಾವ ಕಡೆ ಬೀಳ್ತದೆ? ನಿನ್ನ ಬೆನ್ನ ಹಿಂದೆ. ಇಲ್ಲೂ ಹಂಗೇ. ಸೂರ್ಯ ಈಗ ದಕ್ಷಿಣದ ಕಡೆ ಅದಾನೆ, ಅದಕ್ಕೆ ನೆರಳು..."

ಮಾತು ಅಲ್ಲಿಗೆ ನಿಂತಿತು. ಕೋಲು ಗಾಳಿಯಲ್ಲೇ ನಿಂತಿತು. ಮಹೇಶ್ವರಪ್ಪನವರು ತಲೆ ಎತ್ತಿ ಸೂರ್ಯನನ್ನು ನೋಡಿದರು, ಕಣ್ಣು ಚುಚ್ಚಿ ನೀರು ಬಂತು. ಆಮೇಲೆ ನಿಧಾನವಾಗಿ ತಿರುಗಿ ತಮ್ಮ ಮನೆಯ ತಾರಸಿಯನ್ನು ನೋಡಿದರು. ಅಲ್ಲಿ ತಮ್ಮ ಕೈಯಾರೆ ಮಾಡಿದ, ಆನೆ ಕುಣಿದರೂ ಅಲುಗಾಡದ ಆ ಸ್ಟ್ಯಾಂಡಿನ ಮೇಲೆ ಪ್ಯಾನೆಲ್ಲುಗಳು ಸೂರ್ಯನಿಗೆ ಬೆನ್ನು ಕೊಟ್ಟು ನೆಮ್ಮದಿಯಾಗಿ ನಿಂತಿದ್ದವು.

"ಅದಕ್ಕೆ ನೆರಳು...?" ಎಂದ ಗೋಪಾಲಪ್ಪ.

"ನೆರಳು ನನ್ನ ತಲೆ ಮೇಲೆ ಬಿತ್ತಪ್ಪಾ!" ಎಂದವರೇ ಮಹೇಶ್ವರಪ್ಪನವರು ಕೊಡೆ ಅಲ್ಲೇ ಬಿಟ್ಟು ಮನೆಯ ಕಡೆ ದಾಪುಗಾಲು ಹಾಕಿದರು. ಬೆನಕಪ್ಪ ತುಟಿ ಕಚ್ಚಿ ನಗು ತಡೆದುಕೊಂಡು ಹಿಂದೆಯೇ ಹೊರಟರು. ಬೀಗರಿಬ್ಬರೂ ಹೀಗೆ ಓಡುವುದನ್ನು ಕಂಡು ಎಲ್ಲೋ ಜಗಳ ಹತ್ತಿದೆ ಎಂದುಕೊಂಡು ಸೈಟಿನಲ್ಲಿದ್ದವರೆಲ್ಲ ಅವರ ಹಿಂದೆ ಬಂದರು.

ಮಹೇಶ್ವರಪ್ಪನವರು ಸ್ಪ್ಯಾನರ್ ಹಿಡಿದು ತಾರಸಿ ಹತ್ತುವುದರೊಳಗೆ ಬೆನಕಪ್ಪ ಕೈ ಹಿಡಿದರು. "ನಿಲ್ಲಿ ಬೀಗ್ರೆ, ವೈರಿಗೆ ಕೈ ಹಾಕ್ಬೇಡಿ. ಕೆಳಗೆ ಮೇನ್ ಆಫ್ ಮಾಡಿದ್ರೂ ಬಿಸಿಲು ಬಿದ್ದಿರೋ ತನಕ ಪ್ಯಾನೆಲ್ಲಲ್ಲಿ ಕರೆಂಟು ಇದ್ದೇ ಇರ್ತದೆ. ಮಾಲತೇಶ ಬರ್ಲಿ."

ಮಾಲತೇಶ್ ಭಾನುವಾರದ ನಿದ್ದೆ ಬಿಟ್ಟು ಬೈಕಿನಲ್ಲಿ ಬಂದ. ಮೊದಲು ಗೋಡೆಯ ಮೇಲಿನ ಇನ್ವರ್ಟರ್ ಡಬ್ಬಿಯಲ್ಲಿ ಎಷ್ಟು ಕರೆಂಟು ಬರುತ್ತಿದೆ ಎಂದು ಎಲ್ಲರಿಗೂ ತೋರಿಸಿದ. ಆ ಉರಿಬಿಸಿಲಲ್ಲೂ ಅಂಕಿ ಜ್ವರ ಬಂದವರ ಹಾಗೆ ಮಲಗಿತ್ತು. ಅವನು ಪ್ಯಾನೆಲ್ಲಿಗೆ ಕಂಬಳಿ ಹೊದಿಸಿ, ವೈರು ಬಿಡಿಸಿ, "ಈಗ ಬಿಚ್ಚಿ ದೊಡ್ಡಪ್ಪ" ಎಂದ. ಎತ್ತರದ ಕಾಲನ್ನು ಉತ್ತರದ ಕಡೆಗೆ ತಂದರು, ಇಳಿಜಾರು ಕಡಿಮೆಯಾಗಲಿ ಎಂದು ಕೊಯ್ದು ಗಿಡ್ಡ ಮಾಡಿದರು. ಗಿಡ್ಡ ಕಾಲು ದಕ್ಷಿಣಕ್ಕೆ ಹೋಯಿತು. ದಿಂಡುಗಳನ್ನು ಟ್ಯಾಂಕಿನ ನೆರಳಿನಿಂದ ದೂರ ಸರಿಸಿದರು. ಬೋಲ್ಟು ಬಿಗಿಯುವಾಗ ಬೀಗರಿಬ್ಬರೂ ಒಂದೊಂದು ಕಡೆ ಹಿಡಿದಿದ್ದರು. ಯಾರ ಕಡೆಯದ್ದು ಹೆಚ್ಚು ಬಿಗಿಯಾಯಿತು ಎಂಬ ಬಗ್ಗೆಯೂ ಒಂದು ಸಣ್ಣ ಚರ್ಚೆ ನಡೆಯಿತು. ಕೊನೆಗೆ ಕಂಬಳಿ ಸರಿಸಿ ವೇದಾ ಒಂದು ಕೊಡ ನೀರು ತಂದು ಪ್ಯಾನೆಲ್ಲಿನ ಮೇಲಿನ ಜೋಳದ ಧೂಳು ತೊಳೆದಳು.

"ಈಗ ಮಿಷನ್ ಹಾಕು ವೇದಾ" ಎಂದ ಮಾಲತೇಶ್ ವೈರು ಜೋಡಿಸಿ, ಕೆಳಗಿಳಿದು ಸ್ವಿಚ್ಚು ಒತ್ತಿ.

ಹೊತ್ತು ಸ್ವಲ್ಪ ವಾಲಿತ್ತು. ಆದರೂ ಡಬ್ಬಿಯ ಅಂಕಿ ಎದ್ದು ಕುಳಿತಿತು, ಏರಿತು, ಇನ್ನೂ ಏರಿತು. ಮೊದಲಿನ ಅಂಕಿಯನ್ನು ಹಿಂದೆ ಹಾಕಿ ಅದರ ಎರಡರಷ್ಟು, ಮೂರರಷ್ಟು ಆಯಿತು. ಮಿಷನ್ನು ಗುರುಗುಟ್ಟಿತು. ಮೀಟರು ತೋರಿಸಿ ಮಾಲತೇಶ್ ಹೇಳಿದ, "ಮಿಷನ್ ನಡೀತೈತೆ, ಲೈನಿನಿಂದ ಏನೂ ಎಳೀತಿಲ್ಲ ನೋಡಿ. ಹಗಲಲ್ಲೇ ಶಾವಿಗೆ ಬಿಡು, ಮುಂದಿನ ಬಿಲ್ಲು ನೋಡು."

ವೇದಾ ಡಬ್ಬಿಯನ್ನು ನೋಡಿದಳು, ಮಿಷನ್ನನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಎಲ್ಲರ ಕಣ್ಣು ಮಹೇಶ್ವರಪ್ಪನವರ ಮೇಲೆ. ಯಮನ ದಿಕ್ಕಿಗೆ ಪ್ಯಾನೆಲ್ ತಿರುಗಿಸಿದ ಮನುಷ್ಯ ಏನು ಹೇಳುತ್ತಾರೋ ಎಂದು ಕಾದರು. ಗಂಡ ಪೇಚಿಗೆ ಸಿಕ್ಕಿದ್ದು ನೋಡಿ ನಿರ್ಮಲಮ್ಮನೇ ನೆರವಿಗೆ ಬಂದರು. "ಅದ್ರಾಗೇನೈತಿ? ಯಮ ಯಾರು, ಸೂರ್ಯನ ಮಗ ಅಲ್ಲೇನು? ಚಳಿಗಾಲದಾಗೆ ಅಪ್ಪ ಮಗನ ಮನೆ ಕಡೆ ಹೋಗ್ಯಾನೆ. ಮಾತಾಡಿಸಬೇಕು ಅಂದ್ರೆ ಆ ಕಡೆಗೇ ಮುಖ ಮಾಡ್ಬೇಕಪ್ಪ!"

ಜನ ಘೊಳ್ಳೆಂದು ನಕ್ಕರು, ಬೆನಕಪ್ಪ ಚಪ್ಪಾಳೆ ತಟ್ಟಿದರು. ಎಂಥ ಸೊಗಸಾದ ದಾರಿ! ಆ ಮಾತು ಹಿಡಿದುಕೊಂಡು ಮಹೇಶ್ವರಪ್ಪನವರು ಮೀಸೆ ತಿರುವಬಹುದಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಅವರ ಬಾಯಿ ತೆರೆಯಿತು ಕೂಡ. ಅಷ್ಟರಲ್ಲಿ ಗೋಪಾಲಪ್ಪ ಕೇಳಿದ, "ಅಣ್ಣಾರೆ, ಹಂಗಾದ್ರೆ ನಾನು ಏನು ಮಾಡ್ಲಿ? ನೀವು ಉತ್ತರ ಅಂದಿದ್ರಿ, ನಾನೂ ಈಗಿರೋ ಮನೆಗೆ ಸ್ಟ್ಯಾಂಡು ಮಾಡೋಕೆ ಹೇಳಿಬಿಟ್ಟೀನಿ. ಬೀದಿ ಕೊನೆಯ ಕೆಂಪಪ್ಪನೂ ಹಂಗೇ ಹೇಳ್ಯಾನೆ."

ಮಹೇಶ್ವರಪ್ಪನವರು ತೆರೆದ ಬಾಯಿ ಮುಚ್ಚಿದರು. ತಮ್ಮ ಮಾತಿನಿಂದ ಈ ಮನೆಯ ಮಿಷನ್ನು ಹೋಗುವುದರಲ್ಲಿತ್ತು. ಈಗ ಜಾಣತನದ ಮಾತಾಡಿ ತಪ್ಪಿಸಿಕೊಂಡರೆ ಇನ್ನೆರಡು ಮನೆಯವರ ದುಡ್ಡು ಬಿಸಿಲಿಗೆ ಬೆನ್ನು ಹಾಕಿ ಕೂರುತ್ತದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಯಮನೂ ಇಲ್ಲ, ಕುಬೇರನೂ ಇಲ್ಲ" ಎಂದರು. "ನಾ ಹೇಳಿದ್ದು ತಪ್ಪು. ಮ್ಯಾಲೆ ನೋಡಿ ಹೇಳೋದು ಬಿಟ್ಟು ಬಾಯಿಗೆ ಬಂದಿದ್ದು ಹೇಳ್ದೆ. ನಮ್ಮ ಬೀಗ್ರು ಸರಿಯಾಗಿ ಹೇಳಿದ್ರು, ಬೀಗ್ರು ಅನ್ನೋ ಒಂದೇ ಕಾರಣಕ್ಕೆ ಕೇಳಲಿಲ್ಲ. ಗೋಪಾಲ, ದಕ್ಷಿಣಕ್ಕೆ ಹಾಕ್ಸು. ಕೆಂಪಪ್ಪನಿಗೆ ನಾನೇ ಹೋಗಿ ಹೇಳ್ತೀನಿ." ಆಮೇಲೆ ಸೊಸೆಯ ಕಡೆ ತಿರುಗಿದರು, ಅವರ ದನಿ ಸಣ್ಣದಾಯಿತು. "ಮಗಾ, ಆನವಟ್ಟಿಗೆ ಫೋನ್ ಮಾಡು. ಮಿಷನ್ ಕೊಡಾದಿಲ್ಲ ಅನ್ನು. ಕೆಟ್ಟಿದ್ದು ಮಿಷನ್ ಅಲ್ಲ, ಸೋಲಾರೂ ಅಲ್ಲ, ನಿಮ್ಮ ಮಾವ."

"ಹಂಗನ್ಬೇಡಿ ಮಾವ" ಎಂದಳು ವೇದಾ. ಅಷ್ಟು ದಿನ ಹಿಡಿದಿಟ್ಟಿದ್ದ ಮಾತೆಲ್ಲ ಒಮ್ಮೆಗೇ ಹೊರಗೆ ಬಂತು, ನಾಳೆ ಯಾರು ಯಾರು ರವೆ ತರುತ್ತಾರೆ, ಯಾರದ್ದು ಮೊದಲು, ಕೋಲು ಸಾಲದೆ ಹೋದರೆ ಎಲ್ಲಿಂದ ತರುವುದು ಎಂದು ಶುರುಮಾಡಿದಳು. ಮಹೇಶ್ವರಪ್ಪನವರು ಜಗಲಿಯಲ್ಲಿ ಕುಳಿತು ಅದನ್ನೆಲ್ಲ ಕೇಳಿದರು. ಆ ಮನೆಯಲ್ಲಿ ಅಂದಿನಿಂದ ಹಗಲಿಡೀ ಮಿಷನ್ನಿನ ಸದ್ದಿದೆ. ಮುಂದಿನ ತಿಂಗಳ ಬಿಲ್ಲು ಬಂದಾಗ ವೇದಾ ಅದನ್ನು ಓದಿ ಮಾವನ ಕೈಗೆ ಕೊಟ್ಟಳು, ಮಾವ ಅದನ್ನು ಊರೆಲ್ಲ ತೋರಿಸಿಕೊಂಡು ಬಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮೇಲೂ ದಿನಾ ಬಿಸಿಲು ಸುಮ್ಮನೆ ಬಿದ್ದು ಹೋಗುತ್ತಿದೆ. ಮೊದಲು ನಿಮ್ಮ ಬಿಲ್ಲು ನೋಡಿಕೊಳ್ಳಿ. ತಿಂಗಳಿಗೆ ಸೊನ್ನೆ ಬಿಲ್ಲು ಬರುವ ಮನೆಗೆ ಅವಸರವೇನಿಲ್ಲ. ಬಿಲ್ಲು ಕೈ ಕಚ್ಚುತ್ತಿದ್ದರೆ, ಹಗಲು ಹೊತ್ತಲ್ಲಿ ಮೋಟಾರು, ಮಿಷನ್ನು, ಫ್ರಿಜ್ಜು ನಡೆಯುತ್ತಿದ್ದರೆ ಸೋಲಾರ್ ನಿಮಗೇ ಇರುವುದು. ಕೊಳ್ಳುವ ಮೊದಲೇ ಹತ್ತಿರದ ಮೆಸ್ಕಾಂ ಕಚೇರಿಗೆ ಹೋಗಿ ಪರ್ಮಿಶನ್ನು, ಮೀಟರು, ಸಹಾಯಧನದ ವಿಚಾರ ಕೇಳಿ. ಮನೆಯ ಮೀಟರಿಗೆ ಒಂದು ನಿಯಮ, ಕೆಲಸದ ಮೀಟರಿಗೆ ಇನ್ನೊಂದು. ಸಹಾಯಧನ ಬೇಕಿದ್ದರೆ ಯಾರಿಂದ ಹಾಕಿಸಬೇಕು ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ. ಕೈಯಲ್ಲಿ ಕಸುಬಿದ್ದರೆ ಸ್ಟ್ಯಾಂಡು ನೀವೇ ಮಾಡಿ, ಗಾಳಿಗೆ ಹಾರದಂತೆ ಗಟ್ಟಿಯಾಗಿ ಮಾಡಿ, ಬೆಳಗಿನ ತಂಪಲ್ಲಿ ಧೂಳು ನೀವೇ ತೊಳೆಯಿರಿ. ಮೊಬೈಲು ನೋಡಿ ಪ್ಯಾನೆಲ್ ಅಂಟಿಸಲು ಹೋಗಬೇಡಿ, ವೈರು ಮುಟ್ಟಬೇಡಿ, ಅದಕ್ಕೆ ಲೈಸೆನ್ಸ್ ಇರುವವರನ್ನೇ ಕರೆಯಿರಿ. ಮರ, ಟ್ಯಾಂಕು, ಗೋಡೆ, ಯಾವುದರ ನೆರಳೂ ಬೀಳದ ಜಾಗ ಹುಡುಕಿ.

ಯಾವ ಕಡೆ ತಿರುಗಿಸಬೇಕು ಎಂಬ ಅನುಮಾನ ಬಂದರೆ ನಮ್ಮನ್ನು ಕೇಳಬೇಡಿ, ಮಹೇಶ್ವರಪ್ಪನವರನ್ನೂ ಕೇಳಬೇಡಿ. ಈ ಚಳಿಗಾಲದ ಒಂದು ಮಧ್ಯಾಹ್ನ ನಿಮ್ಮ ತಾರಸಿಯಲ್ಲಿ ಒಂದು ಕೋಲು ನಿಲ್ಲಿಸಿ. ನೆರಳು ಯಾವ ಕಡೆ ಬೀಳುತ್ತದೋ ಆ ಕಡೆಗೆ ಪ್ಯಾನೆಲ್ಲಿನ ಬೆನ್ನು ಇರಲಿ, ಮುಖ ಸೂರ್ಯನ ಕಡೆಗಿರಲಿ.